ಹೋಗಲು ಮೂರು, ಬರಲು ಒಂಬತ್ತು

"ನಮ್ಮ ಜಾಲದಲ್ಲಿ ಯಾವ ದೋಷವೂ ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದ ದಿನ ಆ ಎಂಜಿನಿಯರಮ್ಮನಿಗೆ ಊಟ ಚೆನ್ನಾಗಿಯೇ ರುಚಿಸಿತ್ತು. ಇಪ್ಪತ್ತೆರಡು ವರ್ಷದಿಂದ ರೌಟರುಗಳ ಜೊತೆ ಏಗಿದವಳು, ಕೈಗೆ ಬಂದದ್ದನ್ನು ಗೀಚುವ ಪೈಕಿಯವಳಲ್ಲ. ಎರಡು ವಿದ್ಯುತ್ ಉಪಕೇಂದ್ರಗಳ ನಡುವೆ ಸಂದೇಶ ಹೋಗಿ ಬರಲು ಹನ್ನೆರಡು ಮಿಲಿಸೆಕೆಂಡು ಹಿಡಿಯುತ್ತಿತ್ತು. ಒಪ್ಪಂದದ ಪ್ರಕಾರ ಇಪ್ಪತ್ತರವರೆಗೂ ಹಿಡಿಯಬಹುದಿತ್ತು. ಒಂದು ಸಂದೇಶವೂ ದಾರಿಯಲ್ಲಿ ಕಳೆದುಹೋಗುತ್ತಿರಲಿಲ್ಲ. ಇನ್ನೇನು ಬೇಕು ಎಂದುಕೊಂಡಿದ್ದಳು.

ಆದರೆ ಆ ಉಪಕೇಂದ್ರಗಳ ನಡುವಿನ ಲೈನು ಆರು ವಾರದಲ್ಲಿ ಮೂರು ಸಲ ತಾನಾಗಿಯೇ ಬಂದ್ ಆಗಿತ್ತು. ಅದೂ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಕಾರ್ಖಾನೆಗಳೆಲ್ಲ ಪೂರ್ತಿ ಓಡುವ ಹೊತ್ತಿಗೆ. ಲೈನಿನ ಎರಡು ತುದಿಗೂ ಒಂದೊಂದು ರಿಲೇ ಇರುತ್ತದೆ. ಈ ತುದಿಯಲ್ಲಿ ಎಷ್ಟು ಕರೆಂಟು ಒಳಹೊಕ್ಕಿತು, ಆ ತುದಿಯಲ್ಲಿ ಎಷ್ಟು ಹೊರಬಂತು ಎಂದು ಅವೆರಡೂ ಕ್ಷಣಕ್ಷಣಕ್ಕೂ ಒಂದಕ್ಕೊಂದು ಹೇಳಿಕೊಳ್ಳುತ್ತಿರುತ್ತವೆ. ಎರಡೂ ತಾಳೆಯಾಗದಿದ್ದರೆ ನಡುವೆ ಎಲ್ಲೋ ತಂತಿ ಕೆಟ್ಟಿದೆ ಎಂದು ತಿಳಿದು ತಟ್ಟನೆ ಕರೆಂಟು ನಿಲ್ಲಿಸಿಬಿಡುತ್ತವೆ. ಜನ ಹೋಗಿ ಕಂಬ ಕಂಬ ಹುಡುಕಿದರೂ ತಂತಿ ಎಲ್ಲೂ ಕೆಟ್ಟಿರಲಿಲ್ಲ. ತಂತಿಯದು ತಪ್ಪಿಲ್ಲ, ಜಾಲದ್ದೂ ತಪ್ಪಿಲ್ಲ ಎಂದಮೇಲೆ ಉಳಿದವರು ಆಚೆ ತುದಿಯ ರಿಲೇ ಮೇಷ್ಟ್ರು.

ಅವರು ಶಾಲೆಯ ಮೇಷ್ಟ್ರಲ್ಲ. ಹೊಸದಾಗಿ ಸೇರಿದವರಿಗೆಲ್ಲ ರಿಲೇ ಕೆಲಸ ಕಲಿಸಿ ಕಲಿಸಿ ಆ ಹೆಸರು ಅಂಟಿಕೊಂಡಿತ್ತು. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳಿತ್ತು. ರಿಲೇಯ ಅಂಕಿಗಳನ್ನು ಅವರೇ ತಪ್ಪಾಗಿ ಕೂರಿಸಿದ್ದಾರೆಂದು ವಿಚಾರಣೆ ಶುರುವಾಗಿ, ಅದು ಮುಗಿಯುವವರೆಗೆ ಅವರನ್ನು ಉಗ್ರಾಣದಲ್ಲಿ ಬೋಲ್ಟು ನಟ್ಟು ಎಣಿಸಲು ಕೂರಿಸಿದ್ದರು. ಫೋನಿನ ಸಭೆಯೊಂದರಲ್ಲಿ ಈ ಸುದ್ದಿ ಕಿವಿಗೆ ಬಿದ್ದಾಗ ಎಂಜಿನಿಯರಮ್ಮ "ಪಾಪ" ಎಂದುಕೊಂಡು ಮರೆತಿದ್ದಳು.

ಮರೆಯಲು ಬಿಡದವರು ಅತ್ತೆ. ಗಂಡ ಸರಕು ಹಡಗಿನಲ್ಲಿ ಅಡುಗೆಯವನು. ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲೆಯೇ ಇರುತ್ತಿದ್ದ. ನಾಲ್ಕನೇ ಮಹಡಿಯ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸಿದವರು. ಮೂರನೇ ಸಲ ಕರೆಂಟು ಹೋದಾಗ ಅವರು ಕಣ್ಣಿನ ಆಸ್ಪತ್ರೆಯ ಲಿಫ್ಟಿನಲ್ಲಿ ಇಬ್ಬರು ಅಪರಿಚಿತರ ಜೊತೆ ನಲವತ್ತು ನಿಮಿಷ ಸಿಕ್ಕಿಕೊಂಡಿದ್ದರು. ಆ ಇಬ್ಬರ ವಂಶಾವಳಿಯನ್ನೆಲ್ಲ ಕೇಳಿಕೊಂಡು ಮನೆಗೆ ಬಂದಿದ್ದವರು, ಒಂದು ಸಂಜೆ ಇದು ಯಾರ ತಪ್ಪು ಎಂದು ಸೊಸೆಯನ್ನು ಹಿಡಿದು ಕೂತರು. ಸೊಸೆ ಬಟ್ಟೆ ಮಡಚುತ್ತಾ, ತಮ್ಮ ಕಡೆಯದಂತೂ ಅಲ್ಲ ಎಂದು ಹನ್ನೆರಡು ಮಿಲಿಸೆಕೆಂಡಿನ ವಿಷಯವನ್ನು ಬಿಡಿಸಿ ಹೇಳಿದಳು.

"ಹೋಗಿ ಬರೋಕೆ ಹನ್ನೆರಡು ಅಂದ್ಯಲ್ಲ. ಹೋಗೋಕೆ ಎಷ್ಟು, ಬರೋಕೆ ಎಷ್ಟು?"

"ಆರು, ಆರು ಇರ್ಬೇಕು, ಅತ್ತೆ."

"ಇರ್ಬೇಕೋ, ಇದೆಯೋ?"

ಸೊಸೆಯ ಕೈಯಲ್ಲಿದ್ದ ಟವೆಲ್ಲು ಅರ್ಧಕ್ಕೇ ನಿಂತಿತು. ಅತ್ತೆ ಮಾತ್ರ ತಮ್ಮ ಪಾಡಿಗೆ ಹಳೆಯ ಕಾಲಕ್ಕೆ ಹೋಗಿದ್ದರು. ದೂರದ ಕರೆ ಜೋಡಿಸಿದರೆ ಒಂದು ಕಡೆಯವರಿಗೆ ಗಂಟೆ ಹೊಡೆದಂತೆ ಸ್ಪಷ್ಟವಾಗಿ ಕೇಳುತ್ತಿತ್ತಂತೆ, ಇನ್ನೊಂದು ಕಡೆಯವರು ಹಲೋ ಹಲೋ ಎಂದು ಗಂಟಲು ಹರಿದುಕೊಳ್ಳುತ್ತಿದ್ದರಂತೆ. ಅದಕ್ಕೇ ಇವರು ಎರಡೂ ಕಡೆಯವರನ್ನು ಬೇರೆ ಬೇರೆಯಾಗಿ ಕೇಳಿಯೇ ತಮ್ಮ ತಂತಿ ತೆಗೆಯುತ್ತಿದ್ದದ್ದು. ಅಷ್ಟು ಹೇಳಿ, ತಲೆದಿಂಬಿನ ಚೀಲ ಒಂದು ಜೊತೆ ಕಡಿಮೆ ಇದೆಯಲ್ಲ ಎಂದು ಹುಡುಕಲು ಎದ್ದುಹೋದರು.

ಮರುದಿನ ಬೆಳಿಗ್ಗೆ ಕೋಟು ಬಿಚ್ಚುವ ಮೊದಲೇ ಎಂಜಿನಿಯರಮ್ಮ ಎರಡೂ ರೌಟರುಗಳನ್ನು ತೆರೆದು ನೋಡಿದಳು. ಜಾಲದೊಳಗೆ ಸಂದೇಶಕ್ಕೆಂದೇ ಗೊತ್ತುಮಾಡಿದ ದಾರಿಗೆ ಟನಲ್ ಎನ್ನುತ್ತಾರೆ. ಅದು ಒಂದೇ ದಿಕ್ಕಿನದು. ಹೋಗಲು ಈ ತುದಿಯ ರೌಟರಿನಿಂದ ಒಂದು, ಬರಲು ಆ ತುದಿಯ ರೌಟರಿನಿಂದ ಇನ್ನೊಂದು. ಎರಡು ತಿಂಗಳ ಹಿಂದೆ ರಸ್ತೆ ಅಗೆಯುವವರು ಕೇಬಲ್ ಕಡಿದಾಗ ಎರಡೂ ಟನಲ್‌ಗಳು ಸುತ್ತುದಾರಿ ಹಿಡಿದಿದ್ದವು. ಕೇಬಲ್ ಸರಿಯಾದಮೇಲೆ ಹೋಗುವುದು ತನ್ನ ಹತ್ತಿರದ ದಾರಿಗೆ ಮರಳಿತ್ತು. ಬರುವುದು ಇವತ್ತಿಗೂ ಹನ್ನೊಂದು ರೌಟರುಗಳನ್ನು ಸುತ್ತಿ ಬರುತ್ತಿತ್ತು. ಅಳೆದು ನೋಡಿದಳು. ಹೋಗಲು ಮೂರು, ಬರಲು ಒಂಬತ್ತು.

ರಿಲೇಗಳಿಗೆ ಗೊತ್ತಿದ್ದದ್ದು ಒಟ್ಟು ಹನ್ನೆರಡು ಮಾತ್ರ. ಅದನ್ನು ಸರಿಯಾಗಿ ಅರ್ಧ ಮಾಡಿ, ಆರಾರು ಎಂದು ನಂಬಿ, ಒಂದರ ಮಾತನ್ನು ಇನ್ನೊಂದು ಮೂರು ಮಿಲಿಸೆಕೆಂಡು ತಪ್ಪಾದ ಗಳಿಗೆಗೆ ಹೊಂದಿಸಿ ಓದುತ್ತಿದ್ದವು. ಕರೆಂಟು ಕಡಿಮೆ ಹರಿಯುವಾಗ ಅದರಿಂದ ಹುಟ್ಟುವ ವ್ಯತ್ಯಾಸ ಸಣ್ಣದು. ಕಾರ್ಖಾನೆಗಳು ಓಡತೊಡಗಿದರೆ ಅದು ಬೆಳೆದು ಇಲ್ಲದ ದೋಷವೊಂದು ಇದ್ದಂತೆ ಕಾಣುತ್ತಿತ್ತು. ಬೋಲ್ಟು ಎಣಿಸುತ್ತಿದ್ದ ಮನುಷ್ಯನ ಮುಖವನ್ನು ಅವಳು ನೋಡಿಯೂ ಇರಲಿಲ್ಲ.

ವಿಭಾಗದ ಮುಖ್ಯಸ್ಥರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಸದ್ದಿಲ್ಲದೆ ಸರಿಮಾಡಿಬಿಡಿ ಎಂದರು. ಲೈನು ನಿಲ್ಲುವುದು ತಪ್ಪಿದರೆ ಜನ ತಾವೇ ಮರೆಯುತ್ತಾರೆ. ಮೇಷ್ಟ್ರ ಗತಿ ಏನು ಎಂದು ಇವಳು ಕೇಳಿದ್ದಕ್ಕೆ, ಅದು ಅವರ ಇಲಾಖೆಯ ವಿಷಯ ಎಂದರು. ಅವಳು ವಾದಕ್ಕಿಳಿಯಲಿಲ್ಲ. ಆಚೆ ತುದಿಯ ರೌಟರನ್ನು ತಾನೇ ಹೋಗಿ ಹೊಂದಿಸುತ್ತೇನೆ ಎಂದಷ್ಟೇ ಹೇಳಿ ಒಪ್ಪಿಗೆ ಪಡೆದಳು.

ಈ ತುದಿಯ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ, ಇಲ್ಲಿ ಹಾಕಿದ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಬಸ್ಸು ಹತ್ತಿದಳು. ಎರಡು ಗಂಟೆಯ ದಾರಿ. ಉಪಕೇಂದ್ರದ ಅಂಗಳದ ತುಂಬ ಜಲ್ಲಿಕಲ್ಲು. ಹೆಜ್ಜೆಯ ಸದ್ದನ್ನು ಮೀರಿ ಟ್ರಾನ್ಸ್‌ಫಾರ್ಮರುಗಳ ಗುಂಯ್‌ಗುಡುವಿಕೆ. ಲೈನಿನ ಹೊರೆಯನ್ನು ಬೇರೆ ಕಡೆಗೆ ತಿರುಗಿಸಿ ಕೆಲಸಕ್ಕೆ ಬಿಟ್ಟುಕೊಟ್ಟಿದ್ದರು. ರಿಲೇ ಕಪಾಟಿನ ಒಳಹೊರಗು ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ಉಗ್ರಾಣದಿಂದ ಮೇಷ್ಟ್ರನ್ನೇ ಕರೆಸಿದ್ದರು. ಕುಳ್ಳನೆಯ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು. ತಪ್ಪು ತನ್ನದೆಂದು ಬಂದ ಕೂಡಲೇ ಹೇಳಿಬಿಡಬೇಕೆಂದು ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಅವರು ಸ್ಟೂಲಿನ ಧೂಳು ಒರೆಸಿ ಕೂರಲು ಕೊಟ್ಟಾಗ ಆ ಮಾತನ್ನು ಬದಿಗಿಟ್ಟು ಲ್ಯಾಪ್‌ಟಾಪು ತೆರೆದಳು.

ಕೆಲಸ ಹಿಡಿದಳು. ದಾರಿಯಲ್ಲಿ ಬರುವ ರೌಟರುಗಳನ್ನು ಒಂದೊಂದಾಗಿ ಹೆಸರಿಸಿ, ಬರುವ ಟನಲ್ಲು ಹೋಗುವ ದಾರಿಯಲ್ಲೇ ಬರಬೇಕೆಂದು ಕಟ್ಟಿದಳು. ಎರಡನ್ನೂ ಜೋಡಿ ಎಂದು ಗುರುತಿಸುವ ಸಂಖ್ಯೆ ಕೊಟ್ಟಳು. ಟನಲ್ಲು ಚಾಲೂ ಆಯಿತು, ಜೋಡಿ ಮಾತ್ರ ಕೂಡಲಿಲ್ಲ. ಅಳಿಸಿ ಬರೆದಳು, ಆಗಲಿಲ್ಲ. ಅರ್ಧ ಗಂಟೆ ಹೀಗೇ ಕಳೆಯಿತು. ರೌಟರಿನ ಗಂಧಗಾಳಿಯೂ ಇಲ್ಲದ ಮೇಷ್ಟ್ರು, ಕಾಗದ ನಾನು ಓದುತ್ತೇನೆ, ನೀವು ಪರದೆ ನೋಡಿ ಎಂದರು. ಒಂದೊಂದು ಅಂಕಿಯನ್ನೂ ಪೆನ್ಸಿಲಿನಿಂದ ಮುಟ್ಟಿ ಓದಿದರು. ಏಳನೆಯ ಸಾಲಿಗೆ ನಿಂತರು.

"ಇಲ್ಲಿ ಕೊನೇಲಿ ನಾಲ್ಕು ಇದೆ. ನಿಮ್ದ್ರಲ್ಲಿ ಒಂಬತ್ತು."

ಅದು ಜೋಡಿಯ ಮೂಲ ವಿಳಾಸ; ಎರಡು ತುದಿಯಲ್ಲೂ ಒಂದೇ ಇರಬೇಕಾದದ್ದು. ಅವಳು ಕೈಚಟದಿಂದ ಇಲ್ಲಿ ಮೇಷ್ಟ್ರ ಕಡೆಯ ರೌಟರಿನದನ್ನೇ ಹಾಕಿದ್ದಳು. ತಿದ್ದಿದಳು. ಜೋಡಿ ಕೂಡಿತು. ಅಳೆದರೆ ಹೋಗಲು ಮೂರು, ಬರಲೂ ಮೂರು.

ಮೇಷ್ಟ್ರು ಆ ಎರಡು ಅಂಕಿಗಳನ್ನು ಕಾಗದದ ಅಂಚಿಗೆ ಬರೆದುಕೊಂಡರು. "ಮೊದ್ಲು ಎಷ್ಟಿತ್ತು?"

"ಹೋಗೋಕೆ ಮೂರು, ಬರೋಕೆ ಒಂಬತ್ತು. ಎರಡು ತಿಂಗಳಿಂದ. ದೋಷ ಇಲ್ಲ ಅಂತ ಬರೆದುಕೊಟ್ಟೋಳು ನಾನೇ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳ ಬಂದರೆ ಬರಲಿ ಎಂದು ಅವಳು ಕೈಕಟ್ಟಿ ಕೂತಳು.

"ನಾನು ಎಷ್ಟು ಸಲ ಅಂಕಿಗಳನ್ನ ಕೂಡಿ ಕಳೆದು ನೋಡಿದ್ರೂ ಸರಿಯಾಗೇ ಬರ್ತಿತ್ತು" ಎಂದರು, ಯಾರಿಗೋ ಹೇಳುವಂತೆ. "ಆದ್ರೂ ಲೈನ್ ಬೀಳ್ತಿತ್ತು. ತಲೆ ಕೈಕೊಡ್ತಿದೆ ಕಣೆ, ಮರೆವು ಶುರುವಾಯ್ತು ಅಂತ ಹೆಂಡತಿಗೆ ಹೇಳಿದ್ದೆ. ಅವಳು ಡಾಕ್ಟರ ಹತ್ರ ದಿನ ಗೊತ್ತುಮಾಡಿದಾಳೆ."

ಅವಳು ಅಲ್ಲೇ, ಅದೇ ಸ್ಟೂಲಿನ ಮೇಲೆ, ವಿಚಾರಣೆಯವರಿಗೂ ತನ್ನ ಮುಖ್ಯಸ್ಥರಿಗೂ ಪತ್ರ ಬರೆದಳು. ಮೊದಲ ವರದಿ ತಪ್ಪು, ತಪ್ಪು ತನ್ನದು, ರಿಲೇಯ ಅಂಕಿಗಳು ಮೊದಲಿನಿಂದಲೂ ಸರಿಯಾಗಿದ್ದವು. ಕಳಿಸುವ ಮೊದಲು ಮೇಷ್ಟ್ರಿಗೆ ತೋರಿಸಿದಳು. ಅವರು 'ನಿರ್ಲಕ್ಷ್ಯ' ಎಂಬ ಮಾತಿನ ಮೇಲೆ ಪೆನ್ಸಿಲಿಟ್ಟರು. "ಇದು ಬೇಡ. ನೋಡಿ ಬಿಟ್ಟಿದ್ರೆ ನಿರ್ಲಕ್ಷ್ಯ. ನೀವು ನೋಡ್ಲೇ ಇಲ್ಲ. ಹಾಗೇ ಬರೀರಿ." ಹಾಗೆಯೇ ಬರೆದಳು. ಆಮೇಲೆ ಅವರು ಮನೆಗೆ ಫೋನು ಮಾಡಲು ಅಂಗಳಕ್ಕೆ ಹೋದರು. ಗಾಜಿನಾಚೆ ಅವರ ಬೆನ್ನಷ್ಟೇ ಕಾಣುತ್ತಿತ್ತು.

ಮೂರು ವಾರದಲ್ಲಿ ವಿಚಾರಣೆ ಮುಚ್ಚಿತು. ಮೇಷ್ಟ್ರು ಮತ್ತೆ ರಿಲೇ ಕೋಣೆಗೆ ಬಂದರು. ಅವಳ ಕಡತಕ್ಕೆ ಒಂದು ಎಚ್ಚರಿಕೆಯ ಪತ್ರ ಸೇರಿತು, ಮುಖ್ಯಸ್ಥರು ಹತ್ತು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದರು. ಅತ್ತೆಗೆ ಎಲ್ಲ ಹೇಳಿದಾಗ ಅವರು, ಬೈಸಿಕೊಂಡದ್ದು ಒಳ್ಳೆಯದೇ ಆಯಿತು, ಇನ್ನು ನಿದ್ದೆ ಬರುತ್ತದೆ ಎಂದರು. ನಿಜವಾಗಿಯೂ ಬಂತು.

ತಮ್ಮ ಜಾಲವನ್ನು ಬಳಸುವ ಉಳಿದ ಎಂಟು ಲೈನುಗಳನ್ನೂ ಅವಳು ಹೋಗುವುದು ಬೇರೆ, ಬರುವುದು ಬೇರೆಯಾಗಿ ಅಳೆದಳು. ಎರಡರಲ್ಲಿ ಇದೇ ಕಥೆ. ಇನ್ನೂ ಲೈನು ಬೀಳುವಷ್ಟು ಬಲಿತಿರಲಿಲ್ಲ, ಅಷ್ಟೆ. ಅವುಗಳನ್ನು ಸರಿಮಾಡಲು ಹೊರಟಾಗ ರಿಲೇ ಕಡೆಯಿಂದ ಒಬ್ಬರನ್ನು ಜೊತೆಗೆ ಕಳಿಸಿ ಎಂದು ಕೇಳಿದಳು. ಕೇಳುವಾಗ ಯಾರ ಹೆಸರನ್ನೂ ಹೇಳಿರಲಿಲ್ಲ, ಆದರೂ ಬಂದವರು ಮೇಷ್ಟ್ರೇ. ಈ ಸಲ ಅವಳ ಕೈಯಿಂದ ಕಾಗದ ತೆಗೆದುಕೊಳ್ಳಲಿಲ್ಲ. ನಿವೃತ್ತಿಯಾಗಿ ಮನೆಗೆ ಹೋಗುವ ಮೊದಲು ಇದನ್ನೂ ಒಂದು ಕಲಿತುಬಿಡುತ್ತೇನೆ ಎಂದು ಸ್ಟೂಲನ್ನು ಕೀಬೋರ್ಡಿನ ಹತ್ತಿರ ಎಳೆದುಕೊಂಡರು. ಅವಳು ನಿಧಾನವಾಗಿ ಓದತೊಡಗಿದಳು. ಅವರು ಒಂದೇ ಬೆರಳಿನಲ್ಲಿ ಒತ್ತತೊಡಗಿದರು.