ಅರ್ಧ ಸುತ್ತಿನ ಕನ್ನಡಿ

ಒದ್ದೆ ಗಾಜು ರಾಳದ ಮೇಲೆ ಜಾರುವ ಸದ್ದು ತೀರ ಸಣ್ಣದು, ಮಲಗಿದ ಮಗು ಮೂಗಿನಲ್ಲಿ ಉಸಿರೆಳೆದ ಹಾಗೆ. ಹಗಲಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. ಓಣಿಯೆಲ್ಲ ಮಲಗಿದ ಮೇಲೆ ನಮ್ಮ ಹಿತ್ತಲ ಬಚ್ಚಲಿನಿಂದ ಕೇಳಿಸುತ್ತಿತ್ತು. ಸುರ್, ಸುರ್, ಆಮೇಲೆ ಹವಾಯಿ ಚಪ್ಪಲಿಯ ಒಂದು ಹೆಜ್ಜೆ. ಮತ್ತೆ ಸುರ್, ಸುರ್, ಇನ್ನೊಂದು ಹೆಜ್ಜೆ. ಹೀಗೆ ಸ್ವಲ್ಪ ದೂರ ಸಾಗಿ ಎಲ್ಲವೂ ನಿಂತುಬಿಡುತ್ತಿತ್ತು. ನಾನು ಕಣ್ಣು ಬಿಟ್ಟು ಕಾಯುತ್ತಿದ್ದೆ. ಇವರು ಜಾರಿ ಬಿದ್ದರೇ? ಗಾಜು ಕೈತಪ್ಪಿತೇ? ಅಷ್ಟರಲ್ಲಿ ಹೆಜ್ಜೆ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಡುತ್ತಿತ್ತು, ನಾನು ಮಗ್ಗುಲು ಬದಲಿಸುತ್ತಿದ್ದೆ.

ಒಂದು ರಾತ್ರಿ ಎದ್ದು ಹೋಗಿ ನೋಡಿದೆ. ಬಚ್ಚಲಿನ ಬಾಗಿಲ ಕೆಳಗೆ ಬೆಳಕಿರಲಿಲ್ಲ.

"ದೀಪ ಹಾಕ್ಕೊಳ್ಳಬಾರದೇನ್ರೀ?"

"ಹುಳ ಬರ್ತಾವೆ ಚೈತ್ರಾ. ಒಂದು ಹುಳ ರಾಳಕ್ಕೆ ಅಂಟ್ತು ಅಂದ್ರೆ ಇಷ್ಟು ದಿನದ ಪಾಲಿಶ್ ಗೀರಿ ಹೋಗುತ್ತೆ. ನೀನು ಮಲಕ್ಕೋ."

ಅದು ನಿಜವೇ ಇರಬಹುದು ಎಂದುಕೊಂಡು ಬಂದು ಮಲಗಿದೆ.

ನನ್ನ ಗಂಡ ಮಲ್ಲಿಕಾರ್ಜುನ್ ಶಿಕಾರಿಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾರೆ. ಹೋದ ವರ್ಷ ಶಿವಮೊಗ್ಗದ ಕಣ್ಣಿನ ಡಾಕ್ಟರು, ಒಳಗಿನ ಒತ್ತಡಕ್ಕೆ ಕಣ್ಣಿನ ನರ ಒಣಗುತ್ತಿದೆ ಎಂದರು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಬೇಕು ಎಂದರು. ಎಷ್ಟು ದಿನ ಉಳಿಯುತ್ತದೆ ಎಂದು ನಾನು ಕೇಳಿದ್ದಕ್ಕೆ ಅವರು ಇವರ ಮುಖ ನೋಡಿದರು. ಇವರು ಗೋಡೆಯ ಮೇಲಿನ ಕಣ್ಣಿನ ಚಿತ್ರ ನೋಡುತ್ತಿದ್ದರು.

ಅಲ್ಲಿಂದ ಬಂದ ವಾರವೇ ದಪ್ಪ ಗಾಜಿನ ಬಿಲ್ಲೆ ತರಿಸಿದರು. ಸ್ವಂತ ಕೈಯಲ್ಲಿ ದೂರದರ್ಶಕದ ಕನ್ನಡಿ ತಿದ್ದಿ ಅದರಲ್ಲಿ ಶನಿಯ ಉಂಗುರ ನೋಡಬೇಕು ಎಂಬುದು ಅವರ ಹಳೆಯ ಆಸೆ. ನಿವೃತ್ತಿಯಾದ ಮೇಲೆ ಎಂದು ಎತ್ತಿಟ್ಟಿದ್ದರು.

"ಉಂಗುರ ಈಗ ನಮ್ಮ ಕಡೆಗೆ ಅಂಚು ತಿರುಗಿಸಿದೆ, ಬರೀ ಗೆರೆ ಹಂಗೆ ಕಾಣುತ್ತೆ. ವರ್ಷ ವರ್ಷ ಅಗಲ ಆಗ್ತಾ ಹೋಗುತ್ತೆ," ಎಂದಿದ್ದರು ಒಂದು ಸಂಜೆ. "ನನ್ನ ಕಣ್ಣು ವರ್ಷ ವರ್ಷ ಕಿರಿದಾಗುತ್ತೆ. ನಡುವೆ ಎಲ್ಲಾದ್ರೂ ಇಬ್ಬರೂ ಭೇಟಿ ಆಗ್ಬೇಕು."

ಅತ್ತೆ ಜಗದಾಂಬ ಜಗಲಿಯಿಂದಲೇ ನಕ್ಕರು. "ಊರ ಮಂದಿ ಎಲ್ಲಾ ಶನಿ ಕಣ್ಣು ತಪ್ಪಿಸಿ ಓಡಾಡ್ತಾರ. ಇವ ಒಬ್ಬ ಅವನ್ನ ಹುಡಿಕ್ಕೊಂಡು ಹೊಂಟಾನ ನೋಡು!"

ಬಚ್ಚಲಿನ ನಡುವೆ ನೀರು ತುಂಬಿದ ಡ್ರಮ್ಮು, ಅದರ ಮೇಲೆ ಬಿಗಿದ ಕೆಳಗಾಜು, ಅದರ ಮೇಲೆ ಕನ್ನಡಿಯಾಗಬೇಕಾದ ಗಾಜು. ಎರಡರ ನಡುವೆ ಪುಡಿ ಹಾಕಿ, ನೀರು ಬಿಟ್ಟು, ಡ್ರಮ್ಮಿನ ಸುತ್ತ ನಡೆಯುತ್ತ ತಿಕ್ಕಬೇಕು. ಕೊನೆಗೆ ಪಾಲಿಶ್ ಮಾಡಲು ಪುಡಿಯ ಬದಲು ರಾಳ. ನೀರು ಡ್ರಮ್ಮಿನಿಂದ ಇಳಿದು ಉತ್ತರಕ್ಕಿರುವ ಮೋರಿಗೆ ಹರಿಯುತ್ತಿತ್ತು. ಮೊದಲ ದಿನ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ದುಂಡನೆಯ ಕಪ್ಪು ಡ್ರಮ್ಮು, ಮೇಲಿಂದ ಸುರಿಯುವ ನೀರು, ಬಡಗಣ ದಿಕ್ಕಿಗೆ ಹರಿದು ಹೋಗುವ ಧಾರೆ.

"ಸಾಕ್ಷಾತ್ ಈಶ್ವರನ ಗುಡಿ ಆತಲ್ಲೋ! ಸುತ್ತು ಹಾಕಾದಾದ್ರ ಹಾಕು, ನೀರು ಮಾತ್ರ ದಾಟಬ್ಯಾಡ."

ಇವರು ನಗುತ್ತ, ಲಿಂಗದ ಮೇಲಿಂದ ಹರಿದ ನೀರು ದಾಟದೆ ಗುಡಿಯಲ್ಲಿ ಮಾಡುವಂತೆಯೇ ಮೋರಿಯ ತನಕ ಹೋಗಿ ಹಿಂತಿರುಗಿ ತೋರಿಸಿದರು. ಅವ್ವನಿಗಾಗಿ ಮಾಡಿದ ತಮಾಷೆ. ಆಮೇಲೆ ಕಾಲಿಗೆ ಅದೇ ರೂಢಿಯಾಯಿತು. ನಾನು ರಾತ್ರಿ ಕೇಳುತ್ತಿದ್ದ ಆ ನಿಲುಗಡೆ ಮೋರಿಯ ಬಳಿಯದು.

ಪಾಲಿಶ್ ಮುಗಿಯಿತು. ಹೊಳೆಯುವ ಲೇಪನ ಹಾಕಿಸಲು ದೂರದ ಊರಿಗೆ ಕಳಿಸುವ ಮೊದಲು ಗಾಜಿನ ಬಾಗು ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಬೇಕಿತ್ತು. ಅದಕ್ಕೆ ಬೇಕಾದ ಉಪಕರಣವನ್ನು ಇವರು ಮನೆಯಲ್ಲೇ ಮಾಡಿಕೊಂಡಿದ್ದರು. ಆದರೂ ಒಂದು ದಿನವೂ ಅದರಲ್ಲಿ ನೋಡಲಿಲ್ಲ. "ನಮ್ಮ ಪೇಪರಿಗೆ ನಾವೇ ಮಾರ್ಕ್ಸ್ ಹಾಕ್ಕೋಬಾರದು," ಎಂದರು. ಸೊರಬದಲ್ಲಿ ಈಶ್ವರ್ ಎಂಬುವರಿದ್ದರು. ಲೆನ್ಸು, ಕನ್ನಡಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಫೋನಿನಲ್ಲಿ ಮೊದಲೇ ಹೇಳಿದ್ದರಂತೆ: "ತಪ್ಪಿದ್ರೆ ತಪ್ಪು ಅಂತೀನಿ ಮೇಷ್ಟ್ರೇ. ಆಮೇಲೆ ಬೇಜಾರು ಮಾಡ್ಕೋಬಾರ್ದು."

ಒಂದು ಭಾನುವಾರ ಹೊರಟೆವು. ಕನ್ನಡಿಯನ್ನು ಅತ್ತೆಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಹೋಳಿಗೆ ಡಬ್ಬಿಯಲ್ಲಿ ಇಟ್ಟಿದ್ದೆ, ಅದಕ್ಕೆ ಸರಿಯಾಗುವ ಇನ್ನೊಂದು ಡಬ್ಬಿ ಮನೆಯಲ್ಲಿರಲಿಲ್ಲ. ಬಸ್ಸಿನಲ್ಲಿ ಡಬ್ಬಿಯನ್ನು ಅವರು ತೊಡೆಯ ಮೇಲಿಟ್ಟುಕೊಂಡರು. ರಸ್ತೆಯ ಪ್ರತಿ ಉಬ್ಬಿಗೂ ನನ್ನ ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತಿತ್ತು.

"ಮೇಷ್ಟ್ರೇ, ಬೀಗರ ಮನೀಗೇನ್ರೀ?" ಎಂದ ಕಂಡಕ್ಟರ್, ಡಬ್ಬಿ ನೋಡಿ.

"ಪರೀಕ್ಷೆಗೆ ಹೊಂಟೀನಪ್ಪಾ."

"ಈ ವಯಸ್ಸಿನಾಗೆ ಎಂಥಾ ಪರೀಕ್ಷೆ ರೀ! ಕಾಪಿ ಚೀಟಿ ಡಬ್ಬ್ಯಾಗೆ ಅದಾವೋ ಏನು?"

ಇವರು ಬಸ್ಸಿಗೆಲ್ಲ ಕೇಳುವಂತೆ ನಕ್ಕರು. ಅವರು ಹಾಗೆ ನಕ್ಕು ಬಹಳ ದಿನವಾಗಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿದರು. ಹಿಡಿದುಕೊಳ್ಳಲು ಹೋದ ನನ್ನ ಕೈಯನ್ನು ಮೊಣಕೈಯಿಂದ ಮೆಲ್ಲಗೆ ಸರಿಸಿದರು.

ಈಶ್ವರ್ ಅವರ ಮನೆಯ ಹಿಂಭಾಗದಲ್ಲಿ ಮೊದಲು ಭತ್ತ ತುಂಬುತ್ತಿದ್ದ ಉದ್ದನೆಯ ಕೋಣೆಯಿತ್ತು. ಕಿಟಕಿಗೆ ಕಪ್ಪು ರಟ್ಟು ಬಡಿದಿದ್ದರು. ಒಂದು ತುದಿಯ ಸ್ಟ್ಯಾಂಡಿನಲ್ಲಿ ನಮ್ಮ ಕನ್ನಡಿ ನಿಂತಿತು. ಇನ್ನೊಂದು ತುದಿಯ ಮೇಜಿನ ಮೇಲೆ ಒಂದು ಪೆಟ್ಟಿಗೆ, ಒಳಗೆ ಬಲ್ಬು, ಮುಂದೆ ಸೂಜಿ ಮೊನೆಯಷ್ಟು ತೂತು. ಆ ತೂತಿನ ಬೆಳಕು ಕನ್ನಡಿಗೆ ಬಡಿದು ವಾಪಸು ಬರುವಲ್ಲಿ ಕಣ್ಣಿಟ್ಟು ನೋಡಲು ಒಂದು ಐಪೀಸು.

"ಗಾಳಿ ಆಡಬಾರ್ದು, ಅದಕ್ಕೇ ಫ್ಯಾನ್ ಇಲ್ಲ," ಎಂದರು ಈಶ್ವರ್. "ಕನ್ನಡಿ ಸರಿ ಇದ್ರೆ ಚುಕ್ಕಿ ಚುಕ್ಕಿಯಾಗೇ ವಾಪಸು ಬರುತ್ತೆ. ಇಲ್ದಿದ್ರೆ ಅದೇ ಹೇಳುತ್ತೆ, ಎಲ್ಲಿ ನೋವು ಅಂತ."

ಅವರು ಬಗ್ಗಿ ನೋಡಿದರು. ಐಪೀಸನ್ನು ಹಿಂದೆ ಮುಂದೆ ಸರಿಸಿದರು. "ಅಮ್ಮಾ, ಕನ್ನಡಿನ ಸ್ಟ್ಯಾಂಡಿನಲ್ಲೇ ಕಾಲು ಸುತ್ತು ತಿರುಗ್ಸಿ," ಎಂದರು. ಸೀರೆಯ ತುಂಡಿನಲ್ಲಿ ಅಂಚು ಹಿಡಿದು ತಿರುಗಿಸಿದೆ. ಮತ್ತೆ ನೋಡಿದರು. "ಹ್ಞೂಂ," ಎಂದರು. ಆ ಹ್ಞೂಂಕಾರ ನನಗೆ ಹಿಡಿಸಲಿಲ್ಲ.

"ನೀವೂ ಬನ್ನಿ ಅಮ್ಮಾ, ನೋಡಿ. ನಾನು ತಿರುಗಿಸ್ತೀನಿ."

ಲೇಪನವಿಲ್ಲದ ಬರೀ ಗಾಜಾದ್ದರಿಂದ ಬೆಳಕು ಮಂಕಾಗಿತ್ತು, ಆದರೂ ಕಾಣಿಸಿತು. ಅದು ಚುಕ್ಕಿಯಲ್ಲ, ಜೀರಿಗೆ ಕಾಳಿನಂಥ ಗೆರೆ. ಅವರು ಕನ್ನಡಿ ತಿರುಗಿಸಿದಂತೆ ಗೆರೆಯೂ ಅದರ ಜೊತೆಗೇ ತಿರುಗಿತು. ನಾನು ಬಿ.ಎಸ್ಸಿ. ಓದಿದವಳು, ಅರ್ಥವಾಯಿತು. ಗೆರೆ ಕನ್ನಡಿಯ ಜೊತೆ ತಿರುಗಿದರೆ ದೋಷ ಕನ್ನಡಿಯದು. ಕಣ್ಣಿನದಲ್ಲ, ಐಪೀಸಿನದೂ ಅಲ್ಲ.

"ಮೇಷ್ಟ್ರೇ, ನಾನು ಹೇಳೋಕಿಂತ ನೀವೇ ಒಂದ್ಸಲ ನೋಡ್ಬಿಡಿ," ಎಂದರು ಈಶ್ವರ್. ಒಳಗಿನಿಂದ ಅವರ ಹೆಂಡತಿ ಲೋಕಮ್ಮ ಹಾಲಿನ ಪಾತ್ರೆ ಇಳಿಸಿಕೊಡಲು ಕೂಗಿದರು. ಈಶ್ವರ್ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ನಾನು ಕನ್ನಡಿಯ ಬಳಿಗೆ ಬಂದೆ. ಅಲ್ಲಿಂದ ಸೂಜಿ ತೂತು ಒಂದು ನಕ್ಷತ್ರದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಪೆಟ್ಟಿಗೆಯ ಕೆಂಪು ದೀಪ. ಆ ಕೆಂಪಿನಲ್ಲಿ ಇವರು ಬಗ್ಗಿ ಐಪೀಸಿಗೆ ಕಣ್ಣಿಟ್ಟದ್ದು ಅರೆಬರೆಯಾಗಿ ತಿಳಿಯುತ್ತಿತ್ತು.

ಆಗ ಕರೆಂಟು ಹೋಯಿತು.

ನಕ್ಷತ್ರ ಆರಿತು, ಕೆಂಪು ದೀಪವೂ ಆರಿತು. ನನ್ನ ಕೈ ನನಗೇ ಕಾಣದಷ್ಟು ಕತ್ತಲೆ. "ಅಯ್ಯೋ, ಹೋಯ್ತಲ್ಲ" ಎಂದು ಅವರು ಈಗ ಹೇಳುತ್ತಾರೆ ಎಂದು ನಾನು ಕಾದೆ.

"ಹಾಂ, ಬಂತು ಚೈತ್ರಾ," ಎಂದರು. ದನಿಯಲ್ಲಿ ಸಂಭ್ರಮವಿತ್ತು. "ಚುಕ್ಕಿ ಚೆನ್ನಾಗಿ ಬಂದಿದೆ. ದುಂಡಗಿದೆ."

ನಾನು ತಡವಿ ಸ್ಟ್ಯಾಂಡಿನ ಕಾಲು ಹಿಡಿದುಕೊಂಡೆ.

"ಎಲ್ಲಿ, ಒಂದು ಕಾಲು ಸುತ್ತು ತಿರುಗಿಸು."

ಆ ಕತ್ತಲಲ್ಲಿ ಗಾಜು ಮುಟ್ಟುವ ಧೈರ್ಯ ಬರಲಿಲ್ಲ. ಕರೆಂಟಿಲ್ಲ ಎನ್ನುವ ಧೈರ್ಯವೂ ಬರಲಿಲ್ಲ. ಹೇಳಿದ್ದರೆ ಅವರು ಆ ಕತ್ತಲಲ್ಲಿ ಹೇಗೆ ನಿಲ್ಲುತ್ತಿದ್ದರು, ಯಾವ ಮುಖ ಹೊತ್ತು ಹೊರಗೆ ಬರುತ್ತಿದ್ದರು?

"ತಿರುಗಿಸಿದೆ," ಎಂದೆ.

"ಈಗಲೂ ದುಂಡಗೇ ಇದೆ ನೋಡು! ಆತ ಸುಮ್ಮನೆ ಹೆದರಿಸ್ತಾನೆ."

ಎಷ್ಟು ಹೊತ್ತು ಹಾಗಿದ್ದೆವೋ. ನಕ್ಷತ್ರ ಮತ್ತೆ ಹೊತ್ತಿಕೊಂಡಿತು, ಕೆಂಪು ದೀಪವೂ. ಅವರು ಅದೇ ಭಂಗಿಯಲ್ಲಿ ಬಗ್ಗಿದ್ದರು. ಬೆಚ್ಚಲಿಲ್ಲ, ತಲೆಯೆತ್ತಲಿಲ್ಲ. ಬೆಳಕು ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ಬಚ್ಚಲಿನ ಬಾಗಿಲ ಕೆಳಗೆ ಬೆಳಕಿರದಿದ್ದದ್ದು ನನಗೆ ಆಗ ನೆನಪಾಯಿತು.

ಬಾಗಿಲು ತೆರೆಯಿತು. ಈಶ್ವರ್ ಕೋಣೆಯ ದೀಪ ಹಾಕಿದರು. ಹಿಂದೆಯೇ ಲೋಕಮ್ಮ ಕಾಫಿಯ ತಟ್ಟೆ ಹಿಡಿದು ಬಂದರು.

"ಈ ಕರೆಂಟಿನ ಹಣೇಬರಹ ನೋಡಿ, ಮಿಕ್ಸಿ ಅರ್ಧಕ್ಕೇ ನಿಂತ್ಹೋಯ್ತು. ಚಟ್ನಿ ತರಿತರಿ ಆಗಿದೆ, ಬೈಕೋಬೇಡಿ. ಪಾಪ, ನಿಮಗೂ ಇಲ್ಲಿ ಕತ್ತಲಾಯ್ತೇನೋ."

"ಕತ್ತಲೆ ಕೋಣೆಗೆ ಮತ್ತೆಂತ ಕತ್ತಲೆ ಮಾರಾಯ್ತಿ!" ಎಂದು ಈಶ್ವರ್ ನಕ್ಕರು.

ಕಾಫಿಗೆ ಕೈ ಚಾಚಿದ್ದ ಇವರು ಹಾಗೇ ನಿಂತರು. ಬೆರಳುಗಳು ಲೋಟದ ಹತ್ತಿರ ಗಾಳಿಯಲ್ಲೇ ಉಳಿದವು.

"ಇಲ್ಲ ಅಕ್ಕಾ," ಎಂದೆ. ನನ್ನ ದನಿ ಅಷ್ಟು ಸಲೀಸಾಗಿ ಬಂದದ್ದು ನನಗೇ ಆಶ್ಚರ್ಯ. "ಇಲ್ಲಿ ದೀಪ ಹೋಗಲೇ ಇಲ್ಲ. ಯುಪಿಎಸ್ ಮೇಲಿದೆಯಲ್ಲ."

ಈಶ್ವರ್ ಪೆಟ್ಟಿಗೆಯಿಂದ ಗೋಡೆಯ ಪ್ಲಗ್ಗಿಗೆ ನೇರ ಹೋಗಿದ್ದ ವೈರನ್ನು ನೋಡಿದರು. ನನ್ನನ್ನು ನೋಡಿದರು. ಇವರನ್ನೂ ನೋಡಿದರು. ಅವರ ನಗು ಇಳಿಯಿತು.

"ಹೌದು, ಯುಪಿಎಸ್," ಎಂದರು.

ಇವರ ಕೈ ಲೋಟ ಹಿಡಿಯಿತು. "ಚುಕ್ಕಿ ದುಂಡಗೆ ಬಂತಲ್ರೀ. ಪಾಸ್ ತಾನೆ?"

ಈಶ್ವರ್ ಬಹಳ ಹೊತ್ತು ಕಾಫಿ ಊದಿದರು. ಪಾಸೆನ್ನಿ ಎಂದು ನಾನು ಒಳಗೇ ಬೇಡಿಕೊಂಡೆ. ಬೇಡಿಕೊಳ್ಳುತ್ತಲೇ, ಪಾಸಾದರೆ ಇನ್ನು ಕೆಲವೇ ದಿನಗಳಲ್ಲಿ ಇವರು ಶನಿಗೆ ಕಣ್ಣಿಡಬೇಕಾಗುತ್ತದಲ್ಲ ಎಂದು ಹೊಳೆದು, ಏನನ್ನು ಬೇಡಬೇಕೆಂದೇ ತಿಳಿಯದಾಯಿತು.

"ಇಲ್ಲ ಮೇಷ್ಟ್ರೇ, ಪಾಸಿಲ್ಲ. ಕನ್ನಡಕಕ್ಕೆ ಸಿಲಿಂಡರ್ ಪವರ್ ಅಂತಾರಲ್ಲ, ಆ ದೋಷ. ಒಂದು ದಿಕ್ಕಿಗೆ ಒಂದು ಬಾಗು, ಅಡ್ಡಕ್ಕೆ ಇನ್ನೊಂದು ಬಾಗು. ಕಣ್ಣಿಗಾದ್ರೆ ಕನ್ನಡಕ ಕೊಡಬಹುದು. ಕನ್ನಡಿಗೆ ಕೊಡೋಕಾಗಲ್ಲ." ಲೋಟ ಕೆಳಗಿಟ್ಟು, "ನಿಮಗೆ ದುಂಡಗೆ ಕಂಡಿರಬಹುದು. ಸಣ್ಣ ದೋಷ, ಒಮ್ಮೊಮ್ಮೆ ಕಾಣಲ್ಲ," ಎಂದರು.

ಜೀರಿಗೆ ಕಾಳಿನಷ್ಟು ಉದ್ದವಿತ್ತು ಅದು. ನಾನು ತಲೆ ತಗ್ಗಿಸಿದೆ.

"ಹೆಂಗೆ ಉಜ್ಜಿದ್ರಿ? ಈ ಸ್ಟೂಲೇ ಡ್ರಮ್ಮು ಅಂದ್ಕೊಂಡು ನಡೆದು ತೋರಿಸಿ."

ಇವರು ಲೋಟ ಇಟ್ಟು, ಇಲ್ಲದ ಗಾಜನ್ನು ಎರಡೂ ಕೈಯಲ್ಲಿ ಒತ್ತುತ್ತ ಸ್ಟೂಲಿನ ಸುತ್ತ ನಡೆದರು. ಅರ್ಧಕ್ಕೆ ನಿಂತರು. ಹಿಂದಕ್ಕೆ ಬಂದರು. ಗಾಜು ತಿರುಗಿಸುತ್ತಿದ್ದ ಕೈಯೂ ಹಿಂದಕ್ಕೇ ತಿರುಗಿತು. ಅಲ್ಲಿ ಮೋರಿಯಿರಲಿಲ್ಲ, ನೀರಿರಲಿಲ್ಲ.

"ಅಲ್ಲೇ ಇದೆ ನೋಡಿ! ಅರ್ಧ ಸುತ್ತಿ ವಾಪಸು ಬಂದ್ರಲ್ಲ. ಇದೆಂತ ಈಶ್ವರನ ಗುಡಿಯಾ? ಒಂದು ಕಡೆಯ ಒತ್ತು ಒಂದೇ ಕಡೆಗೆ ಕೂತುಬಿಟ್ಟಿದೆ. ಪುಡಿಯಿಂದ ಮತ್ತೆ ಶುರು ಮಾಡಬೇಕು. ಪೂರ್ತಿ ಸುತ್ತು, ಬಿಡದೆ."

"ಎಷ್ಟು ದಿನ ಹಿಡಿಯುತ್ತೆ?" ಎಂದು ನಾನು ಕೇಳಿದೆ. ಡಾಕ್ಟರನ್ನು ಕೇಳಿದ್ದೂ ಎಷ್ಟು ದಿನ ಎಂದೇ.

"ಆರಾಮಾಗಿ ಮಾಡಲಿ ಅಮ್ಮಾ. ಅವಸರ ಎಂತದು," ಎಂದರು ಈಶ್ವರ್. ನನ್ನ ಕಡೆ ನೋಡಲಿಲ್ಲ.

ವಾಪಸು ಬರುವಾಗ ಡಬ್ಬಿ ನನ್ನ ತೊಡೆಯ ಮೇಲಿತ್ತು. ಅವರು ಕುಗ್ಗಿರಬಹುದೆಂದು ಓರೆಗಣ್ಣಿನಿಂದ ನೋಡುತ್ತಲೇ ಇದ್ದೆ. ಕುಗ್ಗಿರಲಿಲ್ಲ. ರಜೆ ಸಿಕ್ಕಿದವರ ಹಾಗೆ ಹಗುರಾಗಿ ಕೂತಿದ್ದರು. ಯಾವ ಪುಡಿಯಿಂದ ಶುರು ಮಾಡಬೇಕು, ರಾಳ ಹೊಸದು ತರಿಸಬೇಕೇ ಎಂದು ದಾರಿಯುದ್ದಕ್ಕೂ ಮಾತಾಡಿದರು.

"ಇನ್ನು ನೀರು ದಾಟ್ಬೇಕು. ಅವ್ವಗೆ ಹೇಳ್ಬೇಡ."

"ಹೇಳಲ್ಲ."

ಶಿಕಾರಿಪುರ ಹತ್ತಿರವಾದಾಗ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದರು: "ಅವರ ಮನೇಲಿ ಯುಪಿಎಸ್ ಇತ್ತಾ?"

ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದೆ. "ಇತ್ತು."

"ಒಳ್ಳೇದು," ಎಂದರು. ಮತ್ತೆ ಆ ಮಾತೆತ್ತಲಿಲ್ಲ.

ಮನೆಯಲ್ಲಿ ಅತ್ತೆ ಜಗಲಿಯಿಂದಲೇ, "ಪಾಸೋ ಫೇಲೋ?" ಎಂದು ಕೂಗಿದರು.

"ಫೇಲು ಅವ್ವಾ! ಅದಾ ಕ್ಲಾಸಿಗೆ ಇನ್ನೊಂದು ವರ್ಷ ಕುಂದ್ರಬೇಕು," ಎಂದು ಇವರು ಚಪ್ಪಲಿ ಬದಲಿಸಿ ಸೀದಾ ಹಿತ್ತಲಿಗೆ ಹೋದರು.

ಅತ್ತೆ ನನ್ನನ್ನು ಹತ್ತಿರ ಕರೆದರು. "ಮಾರಿ ಯಾಕ ಹಿಂಗಾಗೈತಿ? ಅಲ್ಲೇನಾತು, ಹೇಳು."

ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಮಬ್ಬಾಗುತ್ತಿತ್ತು. ಬಚ್ಚಲಿನಿಂದ ಗಾಜಿನ ಮೇಲೆ ಪುಡಿ ಕರಕರ ಎನ್ನುವ ಒರಟು ಸದ್ದು ಆಗಲೇ ಶುರುವಾಗಿತ್ತು. ಹೆಜ್ಜೆ, ಸದ್ದು, ಹೆಜ್ಜೆ, ಸದ್ದು. ಮೋರಿಯ ಬಳಿ ನಿಲ್ಲುತ್ತದೆ ಎಂದು ಕಿವಿಗೊಟ್ಟು ಕಾದೆ. ಈ ಸಲ ನಿಲ್ಲಲಿಲ್ಲ.

"ಏನಿಲ್ಲ ಅತ್ತೇ. ಬಸ್ಸಿನ ಕುಲುಕಾಟ."

ಎದ್ದು ಹಿತ್ತಲಿಗೆ ಹೋದೆ. ಬಚ್ಚಲು ಕತ್ತಲಾಗಿತ್ತು. ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ದೀಪ ಹಾಕಿದರೆ ಅವರಿಗೆ ತಿಳಿಯುತ್ತದೋ ಇಲ್ಲವೋ, ಅದನ್ನು ನೋಡಬೇಕಾಗುತ್ತಿತ್ತು. ಬೆರಳು ತೆಗೆದೆ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಇವರಿಗೆ ಇನ್ನೆಷ್ಟು ಕಾಣುತ್ತದೆ ಎಂಬುದನ್ನು ಡಾಕ್ಟರು ತಮ್ಮ ಯಂತ್ರದಲ್ಲಿ ತಾವೇ ಕಂಡುಕೊಳ್ಳಲಿ. ಸೊರಬದ ಆ ಕೋಣೆಯಲ್ಲಿ ದೀಪ ಆರಿದ್ದಾಗ ನಡೆದದ್ದನ್ನು ನಾನು ಅತ್ತೆಗಾಗಲಿ, ಇವರಿಗಾಗಲಿ ಹೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ.