ಕೌದಿ ಶಿಬಿರಕ್ಕೆ ಗಂಟುಮೂಟೆ

‘ಈ ವಾರ ಇನ್ನೊಂದು ಕೊಕ್ಕೆ ಮೊಂಡಾಯಿತು. ಎರಡು ವರ್ಷಕ್ಕೆ ಇದು ನಾಲ್ಕನೆಯದು. ಹೊಲಿಗೆ ಬಿಚ್ಚುವ ಕೊಕ್ಕೆಗಳು ನಮ್ಮ ಮನೆಯಲ್ಲಿ ಯಾಕಿಷ್ಟು ಸವೆಯುತ್ತವೆ ಎಂದು ಅಜ್ಜಿ ಒಂದು ದಿನ ಕೇಳಿಯೇ ಕೇಳುತ್ತಾಳೆ. ಕೇಳಿದರೆ ಏನು ಹೇಳಲಿ?’

ಇಷ್ಟು ಬರೆದು ಮ್ಯಾರಿಟ್ ದಿನಚರಿ ಮುಚ್ಚುವಷ್ಟರಲ್ಲಿ ಕೆಳಗಿನಿಂದ ಕೂಗು ಬಂತು.

“ಮ್ಯಾರಿಟ್! ಮಷೀನಿನ ಪೆಡಲ್ ಎಲ್ಲಿಟ್ಟೆ? ಬರೆದದ್ದು ಸಾಕು ಬಾ ತಾಯಿ, ನಿನ್ನ ಕಥೆ ಯಾರೂ ಕದ್ದುಕೊಂಡು ಹೋಗಲ್ಲ!”

ಮ್ಯಾರಿಟ್ ಇಳಿದು ಬಂದಳು. ಊಟದ ಮೇಜಿನ ಮೇಲೆ ಅನ್ನ ಇಡಲೂ ಜಾಗವಿರಲಿಲ್ಲ. ಹೊಲಿಗೆ ಮಷೀನು, ದಾರದ ರೀಲುಗಳ ಡಬ್ಬಿ, ಬಟ್ಟೆ ಕತ್ತರಿಸುವ ಗಾಲಿಚಾಕು, ಅದರ ಹಸಿರು ಹಾಸು, ಕುರ್ಚಿಗೆ ಹಾಕುವ ದಿಂಬು, ಉಣ್ಣೆಯ ಚಪ್ಪಲಿ, ಎರಡು ತಟ್ಟೆ ಲೆಮನ್ ಬಾರ್ ಸಿಹಿ, ಮತ್ತು ಏಳು ಚೀಲಗಳಲ್ಲಿ ಏಳು ಅರ್ಧಂಬರ್ಧ ಕೌದಿಗಳು. ಚರ್ಚಿನ ಹೆಂಗಸರ ಕೌದಿ ಶಿಬಿರ ಗುರುವಾರದಿಂದ ಭಾನುವಾರದವರೆಗೆ, ನಾಲ್ಕೇ ದಿನ. ಏನೇನು ತರಬೇಕೆಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ ಪಟ್ಟಿ ಫ್ರಿಜ್ಜಿನ ಬಾಗಿಲಿನಲ್ಲಿ ನೇತಾಡುತ್ತಿತ್ತು. ಅಜ್ಜಿ ಆರ್ಡಿಸ್ ಅದರತ್ತ ತಿರುಗಿಯೂ ನೋಡಿರಲಿಲ್ಲ.

“ಅಜ್ಜಿ, ಇಸ್ತ್ರಿ ಪೆಟ್ಟಿಗೆ ತರಬೇಡಿ ಅಂತ ಬರೆದಿದೆ. ಎರಡು ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತಂತೆ.”

“ಅದು ಬೇರೆಯವರಿಗೆ ಬರೆದದ್ದು.” ಆರ್ಡಿಸ್ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಮಗುವಿಗೆ ದುಪ್ಪಟಿ ಹೊದಿಸಿದಂತೆ ಚೀಲದೊಳಗೆ ಮಲಗಿಸಿದಳು.

“ಮೂರು ದೀಪ ಯಾಕೆ?”

“ಅಲ್ಲಿನ ಬೆಳಕು ಹಾಳು. ಹೋದ ವರ್ಷ ಏನೇನೂ ಕಾಣಿಸಲಿಲ್ಲ.”

“ಹೋದ ವರ್ಷ ತಾನೇ ಹೊಸ ದೀಪ ಹಾಕಿಸಿದ್ರಲ್ಲ?”

“ಅದೇ ನಾನು ಹೇಳ್ತಿರೋದು. ಈಗಿನ ದೀಪಗಳಿಗೆ ಬೆಳಕೇ ಇಲ್ಲ. ಬರೀ ಹೊಳಪು.”

ಮ್ಯಾರಿಟ್ ದೀಪಗಳ ವೈರು ಸುತ್ತತೊಡಗಿದಳು. ಅಜ್ಜಿಯ ಪ್ರಕಾರ ಅಡುಗೆಮನೆಯ ಬೆಳಕು ಹಾಳು, ಚರ್ಚಿನ ಹಾಡಿನ ಪುಸ್ತಕದ ಅಚ್ಚು ಹಾಳು, ಗ್ಯಾರೇಜಿನ ಬಾಗಿಲು ಇಕ್ಕಟ್ಟು. ಮೂವತ್ತು ವರ್ಷದಿಂದ ಅದೇ ಕಾರು ಒಳಹೋಗುತ್ತಿದ್ದ ಬಾಗಿಲು ಈ ಬೇಸಿಗೆಯಲ್ಲಿ ಹೇಗೆ ಇಕ್ಕಟ್ಟಾಯಿತು ಎಂದು ಕೇಳುವಂತಿಲ್ಲ. ಕಾರಿನ ಬಲಗಡೆ ಉದ್ದಕ್ಕೂ ಗೀರು ಬಿದ್ದಿತ್ತು. ಕಣ್ಣಿನ ವೈದ್ಯರ ಭೇಟಿಯನ್ನು ಅಜ್ಜಿ ಎರಡು ಸಲ ರದ್ದು ಮಾಡಿದ್ದಳು. ಮೂರನೆಯ ಸಲ ಮ್ಯಾರಿಟ್ ಒತ್ತಾಯಿಸಿದಾಗ ಅಜ್ಜಿ ಕೌದಿಗೆಂದು ಹೊಸದಾಗಿ ಹೊಲಿದ, ನಕ್ಷತ್ರದ ಚಿತ್ತಾರವಿದ್ದ ಒಂದು ಚೌಕವನ್ನು ಮೂಗಿನ ಮುಂದೆ ಹಿಡಿದು, “ಇದೇ ನನ್ನ ಕಣ್ಣಿನ ಪರೀಕ್ಷೆ. ಮೊನೆಗೆ ಮೊನೆ ಕೂಡಿದೆಯೋ ಇಲ್ಲವೋ ಹೇಳು,” ಎಂದಿದ್ದಳು.

ಕೂಡಿತ್ತು. ಕೂಡದೇ ಏನು? ಅದನ್ನು ಕೂಡಿಸಿದವಳು ಮ್ಯಾರಿಟ್.

ಶುರುವಾದದ್ದು ಕಾಲೇಜಿನಿಂದ ರಜೆಗೆ ಬಂದಿದ್ದಾಗ. ಆರ್ಡಿಸ್‌ಳದ್ದು ಒಂದು ಪದ್ಧತಿಯಿತ್ತು. ಹೊಲಿದ ಚೌಕಗಳನ್ನು ಅಂದೇ ನೋಡಬಾರದು, ಬುಟ್ಟಿಗೆ ಹಾಕಿಡಬೇಕು. ಶನಿವಾರ ಎಲ್ಲವನ್ನೂ ಒಟ್ಟಿಗೆ ಇಸ್ತ್ರಿ ಮಾಡಿ, ಹೆಬ್ಬೆರಳಿನಿಂದ ಒಂದೊಂದು ಕೂಡುಗೆರೆಯನ್ನೂ ಸವರಿ ನೋಡಬೇಕು. ಒಂದು ಮಂಗಳವಾರ ಅಜ್ಜಿ ಚರ್ಚಿಗೆ ಕಾಫಿಗೆ ಹೋಗಿದ್ದಾಗ ಮ್ಯಾರಿಟ್ ಬುಟ್ಟಿ ನೋಡಿದಳು. ನಕ್ಷತ್ರಗಳ ಮೊನೆಗಳೆಲ್ಲ ಇಲಿ ಕಡಿದಂತೆ ಮೊಟಕಾಗಿದ್ದವು. ಒಂದು ಚೌಕದಲ್ಲಿ ಬಟ್ಟೆಯ ಒಳಮೈ ಮೇಲಾಗಿತ್ತು. ಪಾಪ ಎನಿಸಿತು, ನಾಚಿಕೆಯೂ ಆಯಿತು, ಬಚ್ಚಲಮನೆಗೆ ಬಾಗಿಲು ಹಾಕದೆ ಹೋದವರನ್ನು ನೋಡಿದ ಹಾಗೆ. ಕೊಕ್ಕೆ ತೆಗೆದುಕೊಂಡು ಬಿಚ್ಚಿ, ಕಾಲು ಇಂಚಿನ ಅಂಚು ಬಿಟ್ಟು ಮತ್ತೆ ಹೊಲಿದಳು. ಶನಿವಾರ ಅಜ್ಜಿ ಹೆಬ್ಬೆರಳು ಸವರಿ, “ಎಪ್ಪತ್ತೇಳಾಯ್ತು, ಈ ಕೈಗೆ ಅದು ಇನ್ನೂ ಗೊತ್ತಿಲ್ಲ ನೋಡು,” ಎಂದು ನಕ್ಕಳು. ಆ ನಗು ಕೆಡಿಸಲು ಮ್ಯಾರಿಟ್‌ಗೆ ಮನಸ್ಸು ಬರಲಿಲ್ಲ. ಓದು ಮುಗಿಸಿ ಊರಿಗೇ ಬಂದಮೇಲೆ ಅದು ಪ್ರತಿ ಮಂಗಳವಾರದ ಕೆಲಸವಾಯಿತು. ಒಳ್ಳೆಯ ಕೆಲಸವೆಂದೇ ದಿನಚರಿಯಲ್ಲಿ ಬರೆದುಕೊಂಡಿದ್ದಳು.

ಆದರೆ ಇವತ್ತು ಆರ್ಡಿಸ್ ತಾನೇ ಕಾರು ಓಡಿಸಿಕೊಂಡು ಹೊರಡುವವಳಿದ್ದಳು. ಸರೋವರದ ದಡದ ಶಿಬಿರಕ್ಕೆ ತೊಂಬತ್ತು ಮೈಲಿ. ಅಕ್ಟೋಬರ್ ತಿಂಗಳು, ಬೀಟ್‌ಗೆಡ್ಡೆಯ ಕಟಾವು ಜೋರಾಗಿತ್ತು. ಹೊಲದಿಂದ ನೇರ ರಸ್ತೆಗೆ ನುಗ್ಗುವ ಲಾರಿಗಳು ದಾರಿಯುದ್ದಕ್ಕೂ ಕೆಸರು ಚೆಲ್ಲಿಕೊಂಡು ಹೋಗುತ್ತಿದ್ದವು. ಪಕ್ಕದ ಸೀಟಿನಲ್ಲಿ ಕೂರುವವಳು ಅಜ್ಜಿಯ ಶಾಲೆಯ ದಿನಗಳ ಗೆಳತಿ ಲವಾನ್.

“ನಾನು ಓಡಿಸ್ತೀನಿ ಅಜ್ಜಿ,” ಎಂದು ಮ್ಯಾರಿಟ್ ನಿನ್ನೆಯಿಂದ ನಾಲ್ಕನೆಯ ಸಲ ಹೇಳಿದಳು.

“ನೀನಾ? ನೀನು ಓಡಿಸಿದರೆ ನಾವು ಮುಟ್ಟೋದ್ರೊಳಗೆ ಶಿಬಿರ ಮುಗಿದು ಅವರೆಲ್ಲ ಎದುರಿಗೆ ವಾಪಸ್ ಬರ್ತಿರ್ತಾರೆ. ಪೆಡಲ್ ಹುಡುಕು ಮೊದಲು.”

ಪೆಡಲ್ ಮ್ಯಾರಿಟ್‌ಳ ಕೋಣೆಯಲ್ಲಿ, ಮಂಚದ ಕೆಳಗಿತ್ತು. ಬೆಳಿಗ್ಗೆ ಅವಳೇ ಒಯ್ದು ಬಚ್ಚಿಟ್ಟಿದ್ದಳು. ಹಿಂದಿನ ವರ್ಷ ಕೊರಿನ್ ಎಂಬಾಕೆ ಪೆಡಲ್ ಮರೆತು ಹೋಗಿ, ನಾಲ್ಕು ದಿನವೂ ಬೇರೆಯವರ ಬಟ್ಟೆಗೆ ಇಸ್ತ್ರಿ ಹಾಕುತ್ತ ನಿಂತ ಕಥೆಯನ್ನು ಊರೆಲ್ಲ ಹೇಳಿಕೊಂಡು ನಕ್ಕಿತ್ತು. ಪೆಡಲ್ ಇಲ್ಲದ ಮೇಲೆ ಅಜ್ಜಿ ಹೋಗಲಾರಳು ಎಂಬುದು ಮ್ಯಾರಿಟ್‌ಳ ಎಣಿಕೆ. ಬಾಯಿ ತೆರೆಯದೆಯೇ ಕೆಲಸ ಆಗಿಬಿಡುತ್ತಿತ್ತು.

“ಎಲ್ಲೂ ಇಲ್ಲ ಅಜ್ಜಿ,” ಎಂದಳು, ಕಿವಿ ಬಿಸಿಯಾಯಿತು.

“ಇಲ್ವಾ? ಹೋಗಲಿ ಬಿಡು.” ಆರ್ಡಿಸ್ ಬೀರುವಿನ ಕೆಳಗಿನ ಖಾನೆ ಎಳೆದು ಇನ್ನೊಂದನ್ನು ತೆಗೆದಳು. “ಕೊರಿನ್ ಪುರಾಣ ಆದಮೇಲೆ ಎಲ್ಲರೂ ಎರಡೆರಡು ಇಟ್ಕೊಂಡಿದೀವಿ. ನಾನೇನು ಪೆದ್ದಿ ಅಂದ್ಕೊಂಡ್ಯಾ?”

ಮ್ಯಾರಿಟ್ ಆ ಪೆಡಲನ್ನು ತೆಗೆದುಕೊಂಡು ಚೀಲಕ್ಕೆ ಹಾಕಿದಳು. ಈ ಹೆಂಗಸಿಗೆ ಎಲ್ಲಕ್ಕೂ ಒಂದು ಹೆಚ್ಚಿಗೆ ಇದೆ. ಹೆಚ್ಚಿಗೆ ಪೆಡಲ್, ಹೆಚ್ಚಿಗೆ ದೀಪ, ಹೆಚ್ಚಿಗೆ ಮಾತು. ಏನು ತೆಗೆದಿಟ್ಟರೂ ಅದರ ಹಿಂದೆ ಇನ್ನೊಂದಿರುತ್ತದೆ.

ಬಾಗಿಲು ತಟ್ಟದೆಯೇ ಲವಾನ್ ಒಳಗೆ ಬಂದಳು. ಒಂದು ಕೈಯಲ್ಲಿ ಮಷೀನಿನ ಗಾಲಿಪೆಟ್ಟಿಗೆ, ಇನ್ನೊಂದರಲ್ಲಿ ಆಲೂಗೆಡ್ಡೆ ಹಾಕಿ ಬೇಯಿಸಿದ ಹಾಟ್‌ಡಿಶ್ ಪಾತ್ರೆ.

“ಏನೇ ಇದು, ಮನೆ ಖಾಲಿ ಮಾಡ್ತಿದೀಯೇನೆ?”

“ನಿನ್ನ ಕಿವಿಯ ಯಂತ್ರ ಹಾಕ್ಕೊಂಡಿದೀಯಾ?” ಆರ್ಡಿಸ್ ಕೂಗಿದಳು.

“ಚೀಲದಲ್ಲಿದೆ ಕಣೇ. ದಾರೀಲಿ ನಿನ್ನ ಮಾತು ಕೇಳೋದಕ್ಕೆ ಬ್ಯಾಟರಿ ಯಾಕೆ ಸುಡಲಿ?” ಲವಾನ್ ಪಾತ್ರೆಯನ್ನು ಒಲೆಯ ಮೇಲಿಟ್ಟು ಉಸಿರು ಬಿಟ್ಟಳು. ಆಮೇಲೆ ಸ್ಕಾರ್ಫಿನ ತುದಿ ತಿರುವುತ್ತ ಹೇಳಿದಳು. “ಆರ್ಡಿಸ್, ನಮ್ಮ ಹುಡುಗ ಡೀನ್ ಇವತ್ತು ರಜಾ ಹಾಕಿದಾನೆ. ‘ಅಮ್ಮ, ನಿಮ್ಮಿಬ್ಬರನ್ನೂ ನಾನೇ ಬಿಟ್ಟು ಬರ್ತೀನಿ’ ಅಂದ. ಬೀಟ್ ಲಾರಿಗಳು ಬೇರೆ. ನಿನ್ನ ಕಾರಿನ ಗೀರು ನೋಡಿದ್ನಂತೆ.”

ಮ್ಯಾರಿಟ್ ದಾರದ ಡಬ್ಬಿ ಹಿಡಿದುಕೊಂಡು ಹಾಗೇ ನಿಂತಳು. ದೇವರೇ, ಒಪ್ಪಿಕೊಳ್ಳಲಿ. ಡೀನ್ ಕರೆದೊಯ್ದರೆ ತಾನು ಯಾರಿಗೂ ಏನೂ ಹೇಳಬೇಕಾಗಿಲ್ಲ, ಶಿಬಿರದಲ್ಲಿ ಮೊನೆ ಮೊಟಕಾದರೆ ಅದು ಅಲ್ಲಿನ ಬೆಳಕಿನ ತಪ್ಪಾಗಲಿ.

ಆರ್ಡಿಸ್ ಏಳು ಚೀಲಗಳಲ್ಲಿ ಒಂದನ್ನು ಬಿಚ್ಚಿ, ನೀಲಿ ಬಿಳಿ ನಕ್ಷತ್ರಗಳ ಚೌಕಗಳ ಕಟ್ಟು ತೆಗೆದು, ಇಸ್ಪೀಟಿನ ಎಲೆ ಹಂಚುವವಳಂತೆ ಒಂದೊಂದಾಗಿ ಗೆಳತಿಯ ಮುಂದೆ ಹಾಕಿದಳು.

“ನೋಡು. ಹದಿನೆಂಟು ಚೌಕ, ಒಂದೊಂದಕ್ಕೆ ಎಂಟು ಮೊನೆ. ಒಂದೇ ಒಂದು ಮೊಟಕಾಗಿದ್ರೆ ತೋರಿಸು, ಕಾರಿನ ಬೀಗದ ಕೈ ಈಗಲೇ ಡೀನ್‌ಗೆ ಕೊಡ್ತೀನಿ. ನೂಲೆಳೆಯಷ್ಟು ಅಂಚು ಕಾಣೋ ಕಣ್ಣಿಗೆ ಲಾರಿ ಕಾಣಲ್ವಾ? ಕಾರಿನಿಂದ ರಸ್ತೆಬದಿಯ ಅಂಚೆಡಬ್ಬಿ ಗುದ್ದಿದವಳು ನೀನು, ನಾನಲ್ಲ.”

“ಅದು ಮಂಜು ಬಿದ್ದಿತ್ತು ಕಣೇ,” ಎನ್ನುತ್ತ ಲವಾನ್ ಕನ್ನಡಕ ಏರಿಸಿದಳು. ಒಂದು ಚೌಕ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿ ಹಿಂಬದಿ ನೋಡಿದಳು. ಇನ್ನೊಂದು ತೆಗೆದಳು. ನಲವತ್ತು ವರ್ಷ ಒಟ್ಟಿಗೆ ಕೌದಿ ಹೊಲಿದವಳು, ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಆದರೆ ಮ್ಯಾರಿಟ್ ಎರಡು ವರ್ಷ ಆ ಕೆಲಸವನ್ನೇ ಕಲಿತಿದ್ದಳು, ಚೆನ್ನಾಗಿ ಕಲಿತಿದ್ದಳು.

“ಅಯ್ಯೋ, ನಿನ್ನ ಕೈಗೆ ಸಾಟಿಯಿಲ್ಲ,” ಎಂದಳು ಲವಾನ್, ಮೆಲ್ಲಗೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ. “ನನ್ನದು ಈ ವರ್ಷ ಒಂದೂ ನೆಟ್ಟಗೆ ಬಂದಿಲ್ಲ. ಸರಿ ಬಿಡು. ಡೀನ್‌ಗೆ ಬರಬೇಡ ಅಂತ ಹೇಳಿಬಿಡ್ತೀನಿ.” ಚೀಲದಿಂದ ಫೋನ್ ತೆಗೆದಳು.

ಆರ್ಡಿಸ್ ಬೀಗದ ಕೈಗಾಗಿ ಮೇಜಿನ ಮೇಲೆ ಕೈಯಾಡಿಸಿದಳು. ಅದು ಅವಳೆದುರೇ, ಹಸಿರು ಹಾಸಿನ ಮೇಲೆ, ಬೆಳಗಿನ ಬಿಸಿಲಲ್ಲಿ ಬಿದ್ದಿತ್ತು. ಬೆರಳುಗಳು ಅದರಿಂದ ಒಂದು ಗೇಣು ಆಚೆ ಹೋಗಿ, ತಿರುಗಿ, ಲೆಮನ್ ಬಾರ್ ತಟ್ಟೆಯ ಅಂಚನ್ನು ಮುಟ್ಟಿ ನಿಂತವು. “ಇಲ್ಲೇ ಇಟ್ಟಿದ್ದೆ. ಯಾರು ತೆಗೆದ್ರು?” ಎಂದಳು.

“ಅಜ್ಜಿ, ಆ ಚೌಕಗಳನ್ನ ಹೊಲಿದದ್ದು ನೀನಲ್ಲ,” ಎಂದಳು ಮ್ಯಾರಿಟ್.

ಅವಳ ದನಿ ಯಾವಾಗಲೂ ಇರುವಷ್ಟೇ ಇತ್ತು, ಮೇಜಿನ ಈಚೆಗೇ ಮುಗಿದುಹೋಗುವಷ್ಟು. ಆರ್ಡಿಸ್‌ಳ ಕೈ ಮಾತ್ರ ತಟ್ಟೆಯ ಮೇಲೆ ಅಲುಗದೆ ನಿಂತಿತು.

“ಏನಂದಳು?” ಲವಾನ್ ಫೋನಿನಿಂದ ತಲೆಯೆತ್ತಿದಳು.

“ಏನೋ ಗೊಣಗ್ತಾಳೆ. ನೀನು ಫೋನ್ ಮಾಡು.” ಅಜ್ಜಿಯ ಮುಖ ಮ್ಯಾರಿಟ್‌ಳತ್ತ ತಿರುಗಿತ್ತು, ಆದರೆ ನೋಟ ಅವಳ ಭುಜದಾಚೆ ಎಲ್ಲೋ ಬಾಗಿಲ ಮೇಲಿತ್ತು. “ಹೋಗು ಮ್ಯಾರಿಟ್. ಚೀಲಗಳನ್ನ ಕಾರಿಗಿಡು.”

“ಏನೇ ಮಗು? ಜೋರಾಗಿ ಹೇಳು, ನನಗೆ ಕೇಳಿಸಲಿಲ್ಲ,” ಎಂದಳು ಲವಾನ್. ಅವಳ ಹೆಬ್ಬೆರಳು ಫೋನಿನ ಮೇಲೆ ತಡೆದು ನಿಂತಿತ್ತು.

ಮ್ಯಾರಿಟ್ ಡಬ್ಬಿಯನ್ನು ಕೆಳಗಿಟ್ಟಳು. ಇಪ್ಪತ್ತಮೂರು ವರ್ಷದಲ್ಲಿ ಆ ಮನೆಯೊಳಗೆ ಅವಳು ಒಮ್ಮೆಯೂ ದನಿಯೆತ್ತಿದ್ದಿಲ್ಲ.

“ಅಜ್ಜಿಗೆ ಕಣ್ಣು ಕಾಣಲ್ಲ! ಎರಡು ವರ್ಷದಿಂದ ಅವಳು ಹೊಲಿದದ್ದನ್ನೆಲ್ಲ ಬಿಚ್ಚಿ ನಾನು ಹೊಲೀತಿದೀನಿ!”