ಹೊಸ ಚಾರ್ಟು

ಕನ್ನಡಕದ ಅಂಗಡಿಯನ್ನು ಅಪ್ಪ ತಮ್ಮನ ಕೈಗೆ ಒಪ್ಪಿಸುವ ಮಾತೆತ್ತಿದಾಗಿನಿಂದ ಅಣ್ಣನಿಗೆ ಅನ್ನ ರುಚಿಸುತ್ತಿರಲಿಲ್ಲ. "ಅವನಿಗೆ ದೂರದೃಷ್ಟಿ ಇದೆ ಕಣೋ" ಎಂದಿದ್ದರು ಅಪ್ಪ. ಎದುರಿಗಿರುವುದಾದರೂ ಕಾಣುತ್ತದೆಯೋ ನೋಡೋಣವೆಂದು ಅಣ್ಣ, ಅಪ್ಪನ ಮುಂದೆಯೇ ತಮ್ಮನನ್ನು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದ. ಗೋಡೆಯ ಹಳೆಯ ಅಕ್ಷರಗಳ ಚಾರ್ಟು ಮನೆಮಂದಿಗೆಲ್ಲ ಬಾಯಿಪಾಠ. ಅದಕ್ಕೇ ಹೊಸದೊಂದನ್ನು ತರಿಸಿ ತೂಗುಹಾಕಿದ್ದ.

ತಮ್ಮ ಅರ್ಧಕ್ಕೇ ತಡವರಿಸಿದ. ಅಣ್ಣನ ಮುಖ ಅರಳಿತು.

"ನೋಡಿದ್ರಾ ಅಪ್ಪ, ನಿಮ್ಮ ಮುದ್ದಿನ ಮಗನ ದೃಷ್ಟೀನ?"

"ನಂಗೆ ಕನ್ನಡಕ ಬೇಕು, ಒಪ್ಕೊಂಡೆ. ಈಗ ನೀನು ಓದು ಅಣ್ಣ," ಎಂದು ತಮ್ಮ ಎದ್ದು ಕುರ್ಚಿ ಬಿಟ್ಟುಕೊಟ್ಟ.

ಅಣ್ಣ ಕೂತ. ಊರವರ ಕಣ್ಣು ನೋಡುತ್ತ ಬಂದವನು ತನ್ನ ಕಣ್ಣಿನ ವಿಷಯದಲ್ಲಿ ಆ ಬಾಯಿಪಾಠವನ್ನೇ ನಂಬಿದ್ದ. ಹೊಸ ಚಾರ್ಟಿನಲ್ಲಿ ಎರಡನೆಯ ಸಾಲೇ ಇರುವೆಗಳ ಮೆರವಣಿಗೆಯಂತಿತ್ತು.

ತಮ್ಮ ಡ್ರಾಯರಿನಿಂದ ಕನ್ನಡಕವೊಂದನ್ನು ತೆಗೆದು ಅವನ ಮೂಗಿಗೇರಿಸಿದ.

"ಗಿರಾಕಿಗಳ ಕನ್ನಡಕ ಒರೆಸುವಾಗ ನೀನೂ ಹಾಕ್ಕೊಂಡು ನೋಡ್ತೀಯಲ್ಲ, ಯಾವುದನ್ನ ತೆಗೆಯೋಕೆ ನಿಂಗೆ ಮನಸ್ಸೇ ಬರ್ತಿರ್ಲಿಲ್ಲ ಅಂತ ಗಮನಿಸಿ, ಅದೇ ಪವರಿಂದು ಮಾಡಿಸಿಟ್ಟಿದ್ದೆ."

ಸಾಲುಗಳೆಲ್ಲ ನಿಚ್ಚಳವಾದವು. ತಮ್ಮನನ್ನೇ ನೋಡುತ್ತಿದ್ದ ಅಪ್ಪನ ಮುಖದ ಹೆಮ್ಮೆಯೂ ಅಷ್ಟೇ ನಿಚ್ಚಳವಾಗಿ ಕಂಡಿತು.

"ಪವರ್ ಸ್ವಲ್ಪ ಜಾಸ್ತಿ ಆಯ್ತು," ಎಂದ ಅಣ್ಣ.